ಮೈದಾನದ ನಡುವಿನವನು

ಗೋಲು ಹೊಡೆದವನ ಹೆಸರು ಎಲ್ಲರಿಗೂ ನೆನಪಿರುತ್ತದೆ. ಚೆಂಡನ್ನು ಅವನ ಕಾಲಿಗೆ ತಲುಪಿಸಿದವನನ್ನು ಕೇಳುವವರು ಕಡಿಮೆ. ಕ್ರೊಯೇಷಿಯಾದ ಫುಟ್‌ಬಾಲ್ ಆಟಗಾರ ಲೂಕಾ ಮೋಡ್ರಿಚ್ ಅಂಥ ತಲುಪಿಸುವವನು.

1991ರಲ್ಲಿ ಕ್ರೊಯೇಷಿಯಾದ ಯುದ್ಧದಲ್ಲಿ ಅವನ ಅಜ್ಜನನ್ನು ಕೊಂದರು. ಅಜ್ಜನ ಹೆಸರೂ ಲೂಕಾ. ಮೊಮ್ಮಗನಿಗೆ ಆಗ ಆರು ವರ್ಷ. ಊರು ಬಿಟ್ಟ ಕುಟುಂಬ ಝಾದರ್ ಪಟ್ಟಣದ ಹೋಟೆಲೊಂದರಲ್ಲಿ ನಿರಾಶ್ರಿತರಾಗಿ ವರ್ಷಗಟ್ಟಲೆ ಕಳೆಯಿತು. ಹುಡುಗ ಅಲ್ಲಿನ ಪಾರ್ಕಿಂಗ್ ಜಾಗದಲ್ಲೇ ಚೆಂಡು ಒದ್ದ. ಹೈದುಕ್ ಸ್ಪ್ಲಿಟ್ ಕ್ಲಬ್ಬಿಗೆ ಅವನು ತೀರಾ ಪೀಚಾಗಿ ಕಂಡ; ಸೇರಿಸಿಕೊಳ್ಳಲಿಲ್ಲ. ಆಯ್ಕೆಗಾರರ ಕಣ್ಣಲ್ಲಿ ಅಳತೆಪಟ್ಟಿ ಇರುವುದು ಎಲ್ಲ ಊರಲ್ಲೂ ಒಂದೇ ಬಿಡಿ!

ಹದಿನೆಂಟಕ್ಕೆ ಬೋಸ್ನಿಯಾದ ಒರಟು ಲೀಗಿನಲ್ಲಿ ಒದೆ ತಿಂದು ಗಟ್ಟಿಯಾದ. 2012ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದ. ಅದೇ ವರ್ಷ ಸ್ಪೇನಿನ ಪತ್ರಿಕೆಯೊಂದರ ಓದುಗರು ಅವನನ್ನು ಅತಿ ಕೆಟ್ಟ ಖರೀದಿ ಎಂದರು. ಆ ಕ್ಲಬ್ಬಿನಲ್ಲೇ ಯುರೋಪಿನ ಚಾಂಪಿಯನ್ಸ್ ಲೀಗ್ ಆರು ಸಲ ಗೆದ್ದ. 2018ರಲ್ಲಿ ವಿಶ್ವಕಪ್ ಫೈನಲ್ ಸೋತ, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪಡೆದ.

2025ರಲ್ಲಿ, ನಲವತ್ತರ ಹೊಸ್ತಿಲಲ್ಲಿ, ಇಟಲಿಯ ಮಿಲಾನ್ ತಂಡದ ಅಂಗಿ ತೊಟ್ಟ.