ಸಂಬಳವೂ ಕಥೆಯೂ



ಕನ್ನಡದಲ್ಲಿ ಬರೆದೇ ಬದುಕಿದವರು ವಿರಳ. ಎಷ್ಟೋ ಲೇಖಕರ ಮನೆಯ ಒಲೆ ಉರಿದದ್ದು ಮಾಸ್ತರಿಕೆಯ ಸಂಬಳದಿಂದ. ಯಲ್ಲಾಪುರ ಸೀಮೆಯಲ್ಲಿ ಹುಟ್ಟಿ ಸಿದ್ದಾಪುರದಲ್ಲಿ ನೆಲೆಸಿದ ತಮ್ಮಣ್ಣ ಬೀಗಾರ ಅವರೂ ಶಾಲಾ ಮಾಸ್ತರರಾಗಿದ್ದವರು. ಮಕ್ಕಳಿಗೆ ಕಲಿಸುತ್ತ, ಮಕ್ಕಳಿಗಾಗಿಯೇ ಬರೆದರು. ಅವರ ‘ಬಾವಲಿ ಗುಹೆ’ ಕಾದಂಬರಿಗೆ 2022ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಅದರ ಮೊತ್ತ 50 ಸಾವಿರ ರೂಪಾಯಿ. ಸಂಸಾರಕ್ಕೆ ಅದೆಷ್ಟು ದಿನ ಬಂದೀತು?

ಆದರೆ ಶಾಲೆ ಕೊಡುವುದು ಸಂಬಳವನ್ನಷ್ಟೇ ಅಲ್ಲ. ಶಿರಸಿ ಕಡೆಯ ಮಳೆಗಾಲ ನೆನೆಯಿರಿ. ಒದ್ದೆ ಕೊಡೆ ಮೂಲೆಗಿಟ್ಟು, ಹಳ್ಳ ತುಂಬಿದ ಸುದ್ದಿ ಹೇಳುತ್ತ ಹುಡುಗನೊಬ್ಬ ತಡವಾಗಿ ಒಳಬರುತ್ತಾನೆ. ಹಾಜರಿ ಪುಸ್ತಕಕ್ಕೆ ಅದು ತಡ. ಕಿವಿಗೊಟ್ಟವರಿಗೆ ಅದೇ ಕಥೆ.

ನೌಕರಿಯೇ ಬರವಣಿಗೆಗೆ ಅಡ್ಡಿ ಎಂದು ಬೇಸರವೇ? ಇಂದು ನಿಮ್ಮ ಕೆಲಸದ ಜಾಗದ ಮಾತುಗಳನ್ನೇ ಗಮನವಿಟ್ಟು ಕೇಳಿ. ಸಂಜೆ ನಾಲ್ಕು ಸಾಲು ಬರೆಯಿರಿ.