ಮುಖ ಒಬ್ಬರದು, ಕಂಠ ಒಬ್ಬರದು: ನಟ ಫರ್ನಾಂಡೊ ರೇ



ಕನ್ನಡಿಯ ಮುಂದೆ ನಿಂತು, ಸದ್ದು ಹೊರಡಿಸದೆ, ‘ಅಪ್ಪ’ ಎನ್ನಿ. ಆಮೇಲೆ ‘ಅಮ್ಮ’ ಎನ್ನಿ. ತುಟಿಗಳನ್ನಷ್ಟೇ ನೋಡಿದರೆ ಎರಡಕ್ಕೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಈಗ ‘ಅಕ್ಕ’ ಎಂದು ನೋಡಿ. ತುಟಿ ಮುಚ್ಚುವುದೇ ಇಲ್ಲ. ಪ, ಬ, ಮ ಇವುಗಳನ್ನು ಓಷ್ಠ್ಯಗಳೆಂದು ವ್ಯಾಕರಣದ ಪಾಠದಲ್ಲಿ ನೀವು ಓದಿದ್ದೀರಿ. ಪರೀಕ್ಷೆ ಮುಗಿದ ಮೇಲೆ ಇದರಿಂದ ಏನು ಪ್ರಯೋಜನ ಎಂದು ಕೇಳಿಯೂ ಇರಬಹುದು. ಕಂಠದಾನ ಕಲಾವಿದರಿಗೆ ಇದು ಅನ್ನದ ಪ್ರಶ್ನೆ. ತೆರೆಯ ಮೇಲಿನ ನಟನ ತುಟಿ ಮುಚ್ಚಿದ ಕ್ಷಣದಲ್ಲಿ ಇವರ ಮಾತಿನಲ್ಲೂ ಒಂದು ಓಷ್ಠ್ಯ ಬೀಳಬೇಕು. ಚಲನಚಿತ್ರ ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತದೆ. ಅಂದರೆ ಒಂದು ಚಿತ್ರದ ಪಾಲಿಗೆ ಸುಮಾರು 42 ಮಿಲಿಸೆಕೆಂಡು. ಮಾತು ನಾಲ್ಕೈದು ಚಿತ್ರಗಳಷ್ಟು ಹಿಂದೆ ಬಿದ್ದರೆ ಸಾಕು, ಎಲ್ಲೋ ಏನೋ ಸರಿಯಿಲ್ಲವೆಂದು ಏನೂ ತಿಳಿಯದ ಪ್ರೇಕ್ಷಕನಿಗೂ ಅನ್ನಿಸಿಬಿಡುತ್ತದೆ.

ಈ ಹೊತ್ತು ನಾನು ಹೇಳಹೊರಟಿರುವುದು ಇಂಥ ಕೆಲಸದಿಂದ ಹೊಟ್ಟೆ ಹೊರೆದು, ಐವತ್ತು ದಾಟಿದ ಮೇಲೆ ಲೋಕಪ್ರಸಿದ್ಧರಾದ ಸ್ಪೇನ್ ದೇಶದ ನಟರೊಬ್ಬರ ವಿಷಯ. ಹೆಸರು ಫರ್ನಾಂಡೊ ರೇ. ನಮ್ಮ ಸತ್ಯಜಿತ್ ರೇ ಅವರಿಗೂ ಇವರಿಗೂ ಯಾವ ಸಂಬಂಧವೂ ಇಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ ರೇ ಎಂದರೆ ರಾಜ.

ಹುಟ್ಟಿದ್ದು 1917ರ ಸೆಪ್ಟೆಂಬರ್ 20ರಂದು, ಸ್ಪೇನಿನ ವಾಯವ್ಯ ಮೂಲೆಯ ಬಂದರು ಪಟ್ಟಣ ಲಾ ಕೊರೂನ್ಯಾದಲ್ಲಿ. ಮನೆಯವರು ಇಟ್ಟ ಹೆಸರು ಫರ್ನಾಂಡೊ ಕಸಾಡೊ. ತಂದೆ ಸೈನ್ಯದ ಅಧಿಕಾರಿ. ಮಗ ವಾಸ್ತುಶಿಲ್ಪ ಓದಲು ಸೇರಿದ. 1936ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಓದು ಅಲ್ಲಿಗೇ ನಿಂತಿತು. ಚುನಾಯಿತ ಗಣರಾಜ್ಯ ಸರ್ಕಾರದ ವಿರುದ್ಧ ಜನರಲ್ ಫ್ರಾಂಕೊ ಮತ್ತು ಇತರ ಸೇನಾಧಿಕಾರಿಗಳು ದಂಗೆಯೆದ್ದಾಗ ತಂದೆ ಗಣರಾಜ್ಯದ ಕಡೆ ನಿಂತರು, ಮಗನೂ ಅದೇ ಕಡೆ ಹೋರಾಡಿದ. 1939ರಲ್ಲಿ ಫ್ರಾಂಕೊ ಗೆದ್ದರು. ತಂದೆ ಸೆರೆಮನೆ ಸೇರಿದರು. ಸೋತವರ ಮನೆಯ ಯುವಕನಿಗೆ ಕೆಲಸ ಕೊಡುವವರು ಯಾರು? ತಂದೆಯ ಮನೆತನದ ಹೆಸರು ಹೊರಲಾರದಂಥ ಭಾರವಾಗಿತ್ತು. ಆತ ತಾಯಿಯ ಕಡೆಯ ‘ರೇ’ ಎಂಬ ಹೆಸರನ್ನು ಇಟ್ಟುಕೊಂಡು ಚಿತ್ರರಂಗದಲ್ಲಿ ಗುಂಪಿನಲ್ಲಿ ನಿಲ್ಲುವ ಎಕ್ಸ್‌ಟ್ರಾ ಆದ. ಗುಂಪಿನಲ್ಲಿ ನಿಂತವನ ಹೆಸರನ್ನು ಯಾರು ತಾನೆ ಕೇಳುತ್ತಾರೆ!

ಅವರಿಗೆ ಒಳ್ಳೆಯ ಕಂಠವಿತ್ತು. ಕಂಠಕ್ಕೆ ಆಗ ಸ್ಪೇನಿನಲ್ಲಿ ಬೇಡಿಕೆಯೂ ಇತ್ತು, ಮತ್ತು ಆ ಬೇಡಿಕೆಗೆ ಒಂದು ರಾಜಕೀಯ ಕಾರಣವಿತ್ತು. ವಿದೇಶಿ ಚಿತ್ರಗಳನ್ನು ಸ್ಪ್ಯಾನಿಷ್ ಭಾಷೆಗೆ ಡಬ್ ಮಾಡಿಯೇ ತೋರಿಸಬೇಕೆಂದು ಫ್ರಾಂಕೊ ಸರ್ಕಾರ 1941ರಲ್ಲಿ ಆಜ್ಞೆ ಹೊರಡಿಸಿತು. ಕೆಲವು ವರ್ಷಗಳ ನಂತರ ಈ ಕಡ್ಡಾಯ ಹೋಯಿತು. ಅಭ್ಯಾಸ ಮಾತ್ರ ಹೋಗಲಿಲ್ಲ. ಭಾಷಾಭಿಮಾನ ಇದಕ್ಕೆ ಒಂದು ನೆಪ. ಡಬ್ಬಿಂಗ್‌ನಲ್ಲಿ ಸೆನ್ಸಾರಿನವರಿಗೆ ಇದ್ದ ಅನುಕೂಲ ಬೇರೆ: ದೃಶ್ಯವನ್ನು ಕತ್ತರಿಸದೆಯೇ ಮಾತನ್ನು ಬದಲಿಸಿಬಿಡಬಹುದು. 1953ರ ‘ಮೊಗಾಂಬೊ’ ಎಂಬ ಹಾಲಿವುಡ್ ಚಿತ್ರದಲ್ಲಿ ಮದುವೆಯಾದ ಹೆಣ್ಣೊಬ್ಬಳು ಬೇಟೆಗಾರನೊಬ್ಬನಿಗೆ ಮನಸೋಲುತ್ತಾಳೆ. ಅದು ಅನೀತಿಯೆಂದು ಸ್ಪ್ಯಾನಿಷ್ ಆವೃತ್ತಿಯಲ್ಲಿ ಗಂಡ ಹೆಂಡತಿಯರನ್ನು ಅಣ್ಣ ತಂಗಿ ಮಾಡಿದರು. ತೆರೆಯ ಮೇಲೆ ಅವರು ಗಂಡ ಹೆಂಡತಿಯರಂತೆಯೇ ನಡೆದುಕೊಳ್ಳುತ್ತಿದ್ದರಲ್ಲ! ಮೊದಲಿದ್ದ ದೋಷಕ್ಕಿಂತ ದೊಡ್ಡದೊಂದನ್ನು ತಂದು ಕೂರಿಸಿದಂತಾಯಿತು. ಡಬ್ಬಿಂಗ್ ಎಂದರೆ ಬರೀ ತಾಂತ್ರಿಕ ವಿಷಯವೆಂದು ನೀವು ತಿಳಿಯಬಾರದು ಎಂದೇ ಇದನ್ನು ಹೇಳಿದೆ.

ಆ ಕಾಲದಲ್ಲಿ ಕಂಠದಾನ ಹೇಗೆ ನಡೆಯುತ್ತಿತ್ತು ಎಂಬುದನ್ನೂ ತಿಳಿದುಕೊಳ್ಳಿ. ಚಿತ್ರವನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಿ, ಪ್ರತಿಯೊಂದರ ತಲೆಗೆ ಬಾಲ ಅಂಟಿಸಿ ಬಳೆಯಂತೆ ಮಾಡುತ್ತಿದ್ದರು. ಅದನ್ನು ಪ್ರೊಜೆಕ್ಟರಿಗೆ ಹಾಕಿದರೆ ಅದೇ ದೃಶ್ಯ ಮತ್ತೆ ಮತ್ತೆ ಸುತ್ತಿ ಬರುತ್ತದೆ. ಕತ್ತಲೆಯ ಕೋಣೆಯಲ್ಲಿ ಮೈಕಿನ ಮುಂದೆ ನಿಂತ ಕಲಾವಿದ ಪರಕೀಯನ ಮುಖವನ್ನು ನೋಡಿ ನೋಡಿ, ಅವನು ಎಲ್ಲಿ ಉಸಿರೆಳೆದುಕೊಳ್ಳುತ್ತಾನೆ, ಯಾವ ಮಾತಿಗೆ ಮೊದಲು ಕಣ್ಣು ಕೆಳಗಿಳಿಸುತ್ತಾನೆ ಎಂಬುದನ್ನು ಮನಸ್ಸಿಗೆ ತಂದುಕೊಂಡು ಮಾತನಾಡಬೇಕು. 1948ರಲ್ಲಿ ಲಾರೆನ್ಸ್ ಒಲಿವಿಯರ್ ‘ಹ್ಯಾಮ್ಲೆಟ್’ ಚಿತ್ರ ಮಾಡಿದರು. ಅದರ ಸ್ಪ್ಯಾನಿಷ್ ಆವೃತ್ತಿಯಲ್ಲಿ ಒಲಿವಿಯರ್ ಅವರ ಮುಖಕ್ಕೆ ಧ್ವನಿಯಾದವರು ಫರ್ನಾಂಡೊ ರೇ. ದೊಡ್ಡ ನಟನೊಬ್ಬನ ಉಸಿರಿನ ಲೆಕ್ಕವನ್ನು ಇಷ್ಟು ಹತ್ತಿರದಿಂದ ಕಲಿಯುವ ಅವಕಾಶ ಯಾವ ನಟನಾ ಶಾಲೆಯಲ್ಲಿ ಸಿಕ್ಕೀತು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಧ್ವನಿಯಿಂದ ಬಂದ ಇನ್ನೊಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. 1953ರಲ್ಲಿ ಲೂಯಿಸ್ ಗಾರ್ಸಿಯಾ ಬೆರ್ಲಂಗಾ ಅವರು ‘ಬನ್ನಿ, ಮಿಸ್ಟರ್ ಮಾರ್ಷಲ್’ ಎಂಬರ್ಥದ ಹೆಸರಿನ ನಗೆಚಿತ್ರವೊಂದನ್ನು ಮಾಡಿದರು. ಯುದ್ಧಾನಂತರ ಯುರೋಪಿಗೆ ಹಣ ಹಂಚುತ್ತಿದ್ದ ಅಮೆರಿಕನ್ನರು ತಮ್ಮೂರಿಗೂ ಬರುತ್ತಾರೆಂದು ನಂಬಿ ಒಂದು ಬಡ ಹಳ್ಳಿಯವರು ಊರನ್ನೆಲ್ಲ ಸಿಂಗರಿಸಿ, ತಮ್ಮದಲ್ಲದ ವೇಷ ತೊಟ್ಟು ಕಾಯುತ್ತಾರೆ. ಕಾರುಗಳು ಬರುತ್ತವೆ, ನಿಲ್ಲದೆ ಧೂಳೆಬ್ಬಿಸಿಕೊಂಡು ಹೋಗುತ್ತವೆ. ಈ ಕಥೆಯ ನಿರೂಪಕ ಫರ್ನಾಂಡೊ ರೇ. ಅವರು ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ; ಆದರೆ ಚಿತ್ರವನ್ನು ನಡೆಸುವುದು ಆ ಧ್ವನಿಯೇ. ಆರಂಭದಲ್ಲಿ ಆ ಧ್ವನಿ ಹೇಳಿದಂತೆ ಚಿತ್ರ ನಿಲ್ಲುತ್ತದೆ, ಬೀದಿಯಲ್ಲಿದ್ದ ಜನರು ಮಾಯವಾಗುತ್ತಾರೆ, ಮತ್ತೆ ಬರುತ್ತಾರೆ.

ನಟನೆಯ ಅವಕಾಶಗಳು ಇಲ್ಲದಿರಲಿಲ್ಲ. ಚಾರಿತ್ರಿಕ ಚಿತ್ರಗಳಲ್ಲಿ ರಾಜಕುಮಾರ, ಆಮೇಲಾಮೇಲೆ ಕೌಬಾಯ್ ಚಿತ್ರಗಳಲ್ಲಿ ಪಾದ್ರಿ, ಹೀಗೆ ಸಿಕ್ಕಿದ್ದನ್ನೆಲ್ಲ ಮಾಡಿದರು. ಅವುಗಳಲ್ಲಿ ಹೆಚ್ಚಿನವನ್ನು ಮರೆತರೆ ನಷ್ಟವಿಲ್ಲ.

ತಿರುವು ಬಂದದ್ದು 1961ರಲ್ಲಿ. ಅಂತರ್ಯುದ್ಧದ ಕಾಲದಲ್ಲಿ ದೇಶ ಬಿಟ್ಟು, ಆಮೇಲೆ ಮೆಕ್ಸಿಕೊದಲ್ಲಿ ನೆಲೆಸಿದ್ದ ನಿರ್ದೇಶಕ ಲೂಯಿಸ್ ಬುನ್ಯುಯೆಲ್ ಚಿತ್ರವೊಂದನ್ನು ಮಾಡಲು ಸ್ಪೇನಿಗೆ ಮರಳಿದರು. ಚಿತ್ರದ ಹೆಸರು ‘ವಿರಿದಿಯಾನಾ’. ಅದರಲ್ಲಿ ರೇ ಅವರದು ಹಳೆಯ ಜಮೀನ್ದಾರ ದೋನ್ ಹೈಮೆಯ ಪಾತ್ರ. ಒಂದು ಪುಟ್ಟ ದೃಶ್ಯ ನೋಡಿ: ದೋನ್ ಹೈಮೆ ಮಾತನಾಡುತ್ತಲೇ, ನೀರಿನ ಪೀಪಾಯಿಯಲ್ಲಿ ಬಿದ್ದು ಒದ್ದಾಡುತ್ತಿರುವ ಜೇನುನೊಣವನ್ನು ಕಡ್ಡಿಯೊಂದರಿಂದ ಜೋಪಾನವಾಗಿ ಎತ್ತಿ ಬದುಕಿಸುತ್ತಾನೆ. ಸನ್ಯಾಸಿನಿಯಾಗಲು ಹೊರಟ ಸೋದರಸೊಸೆಗೆ ಘೋರ ವಂಚನೆ ಮಾಡಲು ಸಿದ್ಧವಾಗುವವನೂ ಇದೇ ಮನುಷ್ಯ. ಇವನು ಒಳ್ಳೆಯವನೋ ಕೆಟ್ಟವನೋ ಎಂದು ರೇ ನಮಗೆ ತೀರ್ಪು ಕೊಡುವುದಿಲ್ಲ. ನೊಣವನ್ನು ಎತ್ತುವ ಬೆರಳುಗಳಲ್ಲಿ ಇರುವುದು ನಿಜವಾದ ಕರುಣೆಯೇ.

ಚಿತ್ರ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ‘ಪಾಮ್ ದೋರ್’ ಗಳಿಸಿತು. ಸ್ಪೇನ್ ಸರ್ಕಾರದ ಚಲನಚಿತ್ರ ಇಲಾಖೆಯ ಮುಖ್ಯಸ್ಥರೇ ವೇದಿಕೆ ಹತ್ತಿ ಅದನ್ನು ಸ್ವೀಕರಿಸಿದರು. ಮರುಕ್ಷಣವೇ ವ್ಯಾಟಿಕನ್ನಿನ ಪತ್ರಿಕೆ ಚಿತ್ರವನ್ನು ಖಂಡಿಸಿತು. ಅಧಿಕಾರಿಯ ಕೆಲಸ ಹೋಯಿತು, ಚಿತ್ರಕ್ಕೆ ನಿಷೇಧ ಬಿತ್ತು. ಫ್ರಾಂಕೊ ತೀರಿಕೊಂಡ ಮೇಲೆ, 1977ರಲ್ಲಿ ಅದು ಸ್ಪೇನಿನ ಚಿತ್ರಮಂದಿರಕ್ಕೆ ಬಂತು. ತಮ್ಮ ನಟನ ಅತ್ಯುತ್ತಮ ಕೆಲಸವನ್ನು ನೋಡಲು ಆ ಜನ 16 ವರ್ಷ ಕಾಯಬೇಕಾಯಿತು.

1970ರಲ್ಲಿ ಬುನ್ಯುಯೆಲ್ ಮತ್ತೆ ಕರೆದರು. ಚಿತ್ರ ‘ತ್ರಿಸ್ತಾನಾ’, ಚಿತ್ರೀಕರಣ ತೊಲೇದೊ ನಗರದಲ್ಲಿ, ನಾಯಕಿ ಫ್ರಾನ್ಸಿನ ಕ್ಯಾಥರೀನ್ ಡೆನವ್. ಪಾದ್ರಿಗಳನ್ನು ಕಂಡರಾಗದ ಸ್ವತಂತ್ರ ವಿಚಾರವಾದಿ ದೋನ್ ಲೋಪೆ, ತನ್ನ ಆಶ್ರಯಕ್ಕೆ ಬಂದ ಅನಾಥ ಹುಡುಗಿಯ ಸ್ವಾತಂತ್ರ್ಯವನ್ನು ಮಾತ್ರ ಕಸಿದುಕೊಳ್ಳುತ್ತಾನೆ. ವಯಸ್ಸಾಗುತ್ತ ಮೆತ್ತಗಾಗುತ್ತಾನೆ. ಕೊನೆಯಲ್ಲಿ, ಹೊರಗೆ ಹಿಮ ಬೀಳುತ್ತಿರುವಾಗ, ಅದೇ ಪಾದ್ರಿಗಳನ್ನು ಮನೆಗೆ ಕರೆದು ಅವರೊಡನೆ ಬಿಸಿ ಚಾಕೊಲೇಟ್ ಕುಡಿಯುತ್ತ ಕೂರುತ್ತಾನೆ. ನನ್ನ ಮಟ್ಟಿಗೆ ರೇ ಅವರ ಅತ್ಯುತ್ತಮ ಪಾತ್ರ ಇದೇ. ನಡಿಗೆ, ಬೆನ್ನು, ಧ್ವನಿ ಮೂರೂ ಒಂದೊಂದಾಗಿ ಮುದಿಯಾಗುವುದನ್ನು ಇದರಲ್ಲಿ ನೋಡಬಹುದು.

ಇನ್ನು ಲೋಕಕ್ಕೆಲ್ಲ ಅವರನ್ನು ಪರಿಚಯಿಸಿದ ತಪ್ಪಿನ ಕಥೆ. ಅಮೆರಿಕದ ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ‘ದಿ ಫ್ರೆಂಚ್ ಕನೆಕ್ಷನ್’ ಎಂಬ ಪತ್ತೇದಾರಿ ಚಿತ್ರಕ್ಕೆ ಸಿದ್ಧತೆ ನಡೆಸಿದ್ದರು. ಮಾದಕ ವಸ್ತು ಸಾಗಿಸುವ ಖಳನ ಪಾತ್ರಕ್ಕೆ ಬುನ್ಯುಯೆಲ್ ಅವರ ‘ಬೆಲ್ ದ ಜೂರ್’ ಚಿತ್ರದಲ್ಲಿ ತಾವು ಕಂಡಿದ್ದ ಒರಟು ಮುಖದ ಸ್ಪ್ಯಾನಿಷ್ ನಟ ಬೇಕೆಂದರು. ಆತನ ಹೆಸರು ಅವರಿಗೆ ನೆನಪಿರಲಿಲ್ಲ. ಆತ ಫ್ರಾನ್ಸಿಸ್ಕೊ ರಬಾಲ್. ಪಾತ್ರಧಾರಿಗಳನ್ನು ಹುಡುಕುವವರು ಕರೆಸಿದ್ದು ಫರ್ನಾಂಡೊ ರೇ ಅವರನ್ನು! ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಗಡ್ಡವನ್ನು ನೀಟಾಗಿ ಕತ್ತರಿಸಿಕೊಂಡ ಸಭ್ಯ ಗೃಹಸ್ಥರೊಬ್ಬರು ಬಂದಿಳಿದಾಗ ಫ್ರೀಡ್ಕಿನ್ ಅವರಿಗೆ ದಿಗಿಲಾಯಿತು. ಇದನ್ನು ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. ಗಡ್ಡ ತೆಗೆಯಲು ರೇ ಒಪ್ಪಲಿಲ್ಲ. ರಬಾಲ್ ಅವರಿಗೆ ಇಂಗ್ಲಿಷ್ ಬರುವುದಿಲ್ಲವೆಂದೂ ಬಿಡುವಿಲ್ಲವೆಂದೂ ಆಮೇಲೆ ತಿಳಿಯಿತು. ಬಂದವರನ್ನೇ ಇಟ್ಟುಕೊಂಡರು. ಹತ್ತು ವರ್ಷ ಹಿಂದೆ ‘ವಿರಿದಿಯಾನಾ’ದಲ್ಲಿ ರೇ ಅವರ ಮಗನಾಗಿ ನಟಿಸಿದ್ದವರು ಇದೇ ರಬಾಲ್!

ತಪ್ಪಿನಿಂದ ಬಂದವರು ಪಾತ್ರವನ್ನೇ ಬದಲಿಸಿಬಿಟ್ಟರು. ಸುರಂಗ ರೈಲಿನ ನಿಲ್ದಾಣದಲ್ಲಿ ಜೀನ್ ಹ್ಯಾಕ್‌ಮನ್ ಅವರ ಪೊಲೀಸ್ ಪಾತ್ರ ಇವರನ್ನು ಹಿಂಬಾಲಿಸುವ ದೃಶ್ಯವಿದೆ. ರೇ ರೈಲು ಹತ್ತುತ್ತಾರೆ, ಇಳಿಯುತ್ತಾರೆ, ಮತ್ತೆ ಹತ್ತುತ್ತಾರೆ. ಬಾಗಿಲು ಮುಚ್ಚುವಾಗ ಕೊಡೆಯ ತುದಿಯಿಂದ ಅದನ್ನು ತಡೆದು ಒಳಗೆ ಸೇರಿ, ಹೊರಟ ರೈಲಿನ ಕಿಟಕಿಯಿಂದ ಬೆರಳಾಡಿಸಿ ಟಾಟಾ ಮಾಡುತ್ತಾರೆ. ಅಲ್ಲಿ ಮಾತೇ ಇಲ್ಲ. ಒರಟ ಇಲ್ಲಿ ಪೊಲೀಸಿನವನು, ಸಭ್ಯನೇ ಖಳ! 1971ರ ಈ ಚಿತ್ರ ಅತ್ಯುತ್ತಮ ಚಿತ್ರ ಸೇರಿ ಐದು ಆಸ್ಕರ್ ಗಳಿಸಿತು. ಆದರೆ ಒಂದು ವಿಷಯ ಗಮನಿಸಿ. ರೇ ಅವರ ಫ್ರೆಂಚ್ ಉಚ್ಚಾರಣೆ ಫ್ರೆಂಚ್ ಪಾತ್ರಕ್ಕೆ ಸಾಲದೆಂದು ಆ ಮಾತುಗಳನ್ನೆಲ್ಲ ಬೇರೆಯವರಿಂದ ಹೇಳಿಸಲಾಯಿತು. ಹ್ಯಾಮ್ಲೆಟ್‌ಗೆ ಕಂಠ ಕೊಟ್ಟವರಿಗೆ ಈಗ ಇನ್ನೊಬ್ಬರ ಕಂಠ!

ಮರುವರ್ಷ ಬುನ್ಯುಯೆಲ್ ಅವರ ಫ್ರೆಂಚ್ ಚಿತ್ರ ‘ಮಧ್ಯಮ ವರ್ಗದ ವಿವೇಕದ ಸೊಬಗು’ ಎಂದು ಅನುವಾದಿಸಬಹುದಾದ ಹೆಸರಿನದು. ಆರು ಮಂದಿ ಗೆಳೆಯರು ಕೂತು ಊಟ ಮಾಡಬೇಕೆನ್ನುತ್ತಾರೆ. ಪ್ರತಿ ಸಲ ಏನಾದರೊಂದು ವಿಘ್ನ. ರೇ ಇಲ್ಲಿ ಮಿರಾಂಡಾ ಎಂಬ ಕಾಲ್ಪನಿಕ ದೇಶದ ರಾಯಭಾರಿ, ಗುಟ್ಟಾಗಿ ಮಾದಕ ವಸ್ತು ಸಾಗಿಸುವವರು. ಹಿಂದಿನ ಚಿತ್ರ ನೋಡಿದವರಿಗೆ ನಗು ಬಾರದಿರದು. ಬಂದೂಕುಧಾರಿಗಳು ನುಗ್ಗಿದಾಗ ಮೇಜಿನ ಕೆಳಗೆ ಅಡಗಿದ ರಾಯಭಾರಿ ಹಸಿವು ತಡೆಯಲಾರದೆ ಮೇಲಿನ ತಟ್ಟೆಯ ಮಾಂಸಕ್ಕೆ ಕೈ ಚಾಚುತ್ತಾನೆ! ಇದಕ್ಕೆ ವಿದೇಶಿ ಭಾಷಾ ಚಿತ್ರದ ಆಸ್ಕರ್ ಬಂತು.

1977 ಅವರ ಬದುಕಿನ ವಿಚಿತ್ರ ವರ್ಷ. ಬುನ್ಯುಯೆಲ್ ಅವರ ಕೊನೆಯ ಚಿತ್ರ ‘ಆಸೆಯ ಆ ಅಸ್ಪಷ್ಟ ವಸ್ತು’ ಬಂತು. ಅದರಲ್ಲಿ ಒಬ್ಬಳೇ ನಾಯಕಿಯ ಪಾತ್ರವನ್ನು ಇಬ್ಬರು ನಟಿಯರು ಸರದಿಯಂತೆ ಮಾಡುತ್ತಾರೆ. ನಾಯಕ ರೇ ಅವರ ಮುಖಕ್ಕೆ ಫ್ರೆಂಚ್ ಧ್ವನಿ ಕೊಟ್ಟವರು ಪ್ರಸಿದ್ಧ ನಟ ಮಿಶೆಲ್ ಪಿಕೊಲಿ. ಅದೇ ವರ್ಷ ಕಾರ್ಲೋಸ್ ಸೌರಾ ಅವರ ‘ಎಲೀಸಾ, ವೀದಾ ಮೀಯಾ’ ಕೂಡ ತೆರೆಗೆ ಬಂತು. ಹಳ್ಳಿಯ ಒಂಟಿ ಮನೆಯಲ್ಲಿರುವ ವೃದ್ಧ ಲೇಖಕನನ್ನು ನೋಡಲು ವರ್ಷಗಳ ಮೇಲೆ ಮಗಳು ಬರುತ್ತಾಳೆ. ಚಿತ್ರದ ಮೊದಲಿಗೆ ನಿರೂಪಣೆ ಕೇಳುತ್ತದೆ: ‘ನಾನು’ ಎಂದು ಹೇಳಿಕೊಳ್ಳುತ್ತಿರುವುದು ಮಗಳು, ಆದರೆ ಕೇಳುವ ಧ್ವನಿ ತಂದೆಯದು. ತಂದೆ ಮಗಳಾಗಿ ನಿಂತು ತನ್ನ ಕಥೆಯನ್ನೇ ಬರೆಯುತ್ತಿದ್ದಾನೆಂದು ಆಮೇಲೆ ತಿಳಿಯುತ್ತದೆ. ಇನ್ನೊಬ್ಬರ ಬಾಯಲ್ಲಿ ಮಾತನಾಡುವುದನ್ನೇ ಕಸುಬಾಗಿ ಮಾಡಿಕೊಂಡಿದ್ದ ನಟನಿಗೆ ಇದಕ್ಕಿಂತ ಒಪ್ಪುವ ಪಾತ್ರ ಬೇರಿರಲಾರದು. ಕಾನ್ ಚಿತ್ರೋತ್ಸವದಲ್ಲಿ ಆ ವರ್ಷದ ಶ್ರೇಷ್ಠ ನಟ ಪ್ರಶಸ್ತಿ ಬಂದದ್ದು ಇದಕ್ಕೇ. ಆಗ ಅವರಿಗೆ 59 ವರ್ಷ.

ಕೊನೆಯ ದೊಡ್ಡ ಕೆಲಸ ನಮ್ಮ ಮಾಧ್ಯಮದ್ದು. ಸ್ಪೇನಿನ ಸರ್ಕಾರಿ ದೂರದರ್ಶನಕ್ಕಾಗಿ ಮನುವೆಲ್ ಗುತಿಯೆರೆಸ್ ಅರಗೊನ್ ಅವರು ಸರ್ವಾಂಟಿಸನ ‘ಡಾನ್ ಕ್ವಿಕ್ಸಾಟ್’ ಕಾದಂಬರಿಯನ್ನು ಐದು ಕಂತುಗಳಲ್ಲಿ ನಿರ್ದೇಶಿಸಿದರು, 1992ರಲ್ಲಿ ಪ್ರಸಾರವಾಯಿತು. ಎಪ್ಪತ್ತು ದಾಟಿದ ರೇ ಕ್ವಿಕ್ಸಾಟ್, ಜನಪ್ರಿಯ ಹಾಸ್ಯನಟ ಅಲ್ಫ್ರೆದೊ ಲಾಂದಾ ಸಾಂಕೊ. 1947ರಲ್ಲಿ ಇದೇ ಕಾದಂಬರಿ ಚಿತ್ರವಾದಾಗ ರೇ ಅವರಿಗೆ ಸಿಕ್ಕಿದ್ದು ಸಾಂಸನ್ ಕರಾಸ್ಕೊ ಎಂಬ ಪದವೀಧರ ಯುವಕನ ಪಾತ್ರ: ವೇಷ ಮರೆಸಿ ಬಂದು, ಕ್ವಿಕ್ಸಾಟನನ್ನು ದ್ವಂದ್ವಯುದ್ಧದಲ್ಲಿ ಸೋಲಿಸಿ ಮನೆಗೆ ಅಟ್ಟುವವನು. 45 ವರ್ಷಗಳ ಮೇಲೆ ಸೋಲುವವನ ಪಾತ್ರ ಸಿಕ್ಕಿತು. ಮುಖವೂ ಅವರದೇ, ಧ್ವನಿಯೂ ಅವರದೇ. ಆದರೆ ಧಾರಾವಾಹಿ ಕಾದಂಬರಿಯ ಮೊದಲ ಭಾಗಕ್ಕೆ ನಿಂತಿತು. ಕರಾಸ್ಕೊ ಬರುವುದು ಎರಡನೆಯ ಭಾಗದಲ್ಲಿ. 1994ರ ಮಾರ್ಚ್ 9ರಂದು ಮ್ಯಾಡ್ರಿಡ್‌ನಲ್ಲಿ ಫರ್ನಾಂಡೊ ರೇ ತೀರಿಕೊಂಡರು. ಎರಡನೆಯ ಭಾಗವನ್ನು ಅದೇ ನಿರ್ದೇಶಕರು 2002ರಲ್ಲಿ ಬೇರೆ ನಟನನ್ನಿಟ್ಟುಕೊಂಡು ಚಿತ್ರ ಮಾಡಿದರು.

ಇವರ ಚಿತ್ರಗಳು ಸಿಕ್ಕರೆ ಮೊದಲು ಸುರಂಗ ರೈಲಿನ ದೃಶ್ಯ ನೋಡಿ, ಮಾತಿಲ್ಲದ ನಟನೆ ತಿಳಿಯುತ್ತದೆ. ಆಮೇಲೆ ‘ತ್ರಿಸ್ತಾನಾ’ವನ್ನು ಸ್ಪ್ಯಾನಿಷ್ ಆವೃತ್ತಿಯಲ್ಲೇ ನೋಡಿ. ಭಾಷೆ ಅರ್ಥವಾಗದಿದ್ದರೆ ಅಡಿಬರಹ ಓದಿಕೊಳ್ಳಿ. ಎರಡನೆಯ ಸಲ ನೋಡುವಾಗ ಅಡಿಬರಹದ ಮೇಲೆ ಒಂದು ರಟ್ಟು ಅಡ್ಡ ಇಟ್ಟು, ಧ್ವನಿಯನ್ನಷ್ಟೇ ಕೇಳಿ.