ಒಂದೇ ಕೋಣೆಯ ಮನೆಯಲ್ಲಿ ಒಂದು ದಿನದ ಶಾಲೆ

(ವಿದ್ಯಾರ್ಥಿ ನಿಲಯದ ಗೆಳೆಯರ ಸಭೆಯಲ್ಲಿ ಆಡಿದ ಮಾತುಗಳು)



ನಾವಿಲ್ಲಿ ಭಾಷಣ ಬಿಗಿಯೋಕೆ ಬಂದಿಲ್ಲ. ದಸರಾ ರಜ ಬರ್ತಾ ಇದೆ. ಟ್ರಂಕಿಗೆ ಬೀಗ ಹಾಕಿ ನೀವೆಲ್ಲ ಊರಿಗೆ ಹೊರಡ್ತೀರಿ. ಹೋದ ಮೇಲೆ ನಿಮ್ಮ ಕೇರಿಯ ಚಿಕ್ಕ ಮಕ್ಕಳ ಜೊತೆ ಒಂದೇ ಒಂದು ದಿನ ಕೂರಿ ಅಂತ ಕೇಳೋಕೆ ಬಂದಿದ್ದೀವಿ. ಯಾಕೆ ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಶಾಲೆಗಳು ಬಾಗಿಲು ಹಾಕಿದವು. ಒಂದರಿಂದ ಐದನೆ ತರಗತಿಯ ಮಕ್ಕಳಿಗೆ ಆ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದನೆ ತರಗತಿ ಮುಗಿಸುತ್ತಿದ್ದ ಕೂಸು ಎರಡನೆ ತರಗತಿಯ ಕೋಣೆಯನ್ನೇ ಕಾಣದೆ ಮೂರನೆಯದರಲ್ಲಿ ಬಂದು ಕೂತಿತು. ಅಷ್ಟು ದಿನ ಏನು ಮಾಡಬೇಕಿತ್ತು? ಮನೆಯಲ್ಲೇ ಕಲೀಲಿ ಅಂದರು. ಯಾರ ಮನೆಯಲ್ಲಿ ಅಂತ ಮಾತ್ರ ಯಾರೂ ಕೇಳಲಿಲ್ಲ.

ನಾವು ಕಂಡದ್ದೊಂದನ್ನು ಹೇಳ್ತೀವಿ. ಮಾಗಡಿ ಕಡೆಯ ಒಂದು ಕೇರಿ. ಮೂರನೆ ತರಗತಿ ಹುಡುಗಿ. ಪಕ್ಕದ ಮನೆಯವರ ಮೊಬೈಲಿಗೆ ಆ ದಿನದ ಚಟುವಟಿಕೆ ಬಂದಿತ್ತು: ನಿಮ್ಮ ಮನೆಯ ಕೋಣೆಗಳ ಚಿತ್ರ ಬರೆದು ಹೆಸರಿಸಿ. ಆ ಮಗು ಸೀಸದಕಡ್ಡಿ ಹಿಡಕೊಂಡು ಸುಮಾರು ಹೊತ್ತು ಕೂತಿತ್ತು. ಆಮೇಲೆ ಕೇಳಿತು: "ಅವ್ವ, ಒಲೆ ಇರೋ ಮೂಲೇನ ಕೋಣೆ ಅಂತ ಬರೀಲಾ?" ಅವ್ವ ಅಂದರು: "ಬರ್ಕೊ ಮಗ, ಯಾರು ಬಂದು ನೋಡ್ತಾರೆ." ಹುಡುಗಿ ಅಡುಗೆಮನೆ, ಮಲಗೋ ಕೋಣೆ, ದೇವರ ಕೋಣೆ ಅಂತ ಮೂರು ಬರೆದಳು. ಇದ್ದದ್ದು ಒಂದು. ಆ ದಿನ ಅವಳು ಕಲಿತದ್ದು ಲೆಕ್ಕವನ್ನಲ್ಲ, ಇದ್ದುದನ್ನು ಮುಚ್ಚಿಡುವುದನ್ನ.

ಪ್ರಶ್ನೆ ಬರೆದವರು ಕೆಟ್ಟವರೇನಲ್ಲ. ಅವರ ಕಣ್ಣ ಮುಂದೆ ಇದ್ದ ಮನೆಯೇ ಬೇರೆ, ಅಷ್ಟೆ.

2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಮೇಷ್ಟ್ರುಗಳೇ ಊರಿಗೆ ಬಂದು ಜಗಲಿಯಲ್ಲಿ, ಮರದ ನೆರಳಲ್ಲಿ ಪಾಠ ಹೇಳಿದರು. ಒಳ್ಳೆ ಕೆಲಸ, ಮನಸಿಟ್ಟು ಮಾಡಿದ ಮೇಷ್ಟ್ರುಗಳಿದ್ದರು. ಆದರೆ ದೇವಸ್ಥಾನದ ಜಗಲಿಯಲ್ಲಿ ಪಾಠ ಅಂದರೆ ನಮ್ಮ ಮಕ್ಕಳ ಕಾಲು ತಾನಾಗೇ ಮೆಟ್ಟಿಲ ಕೆಳಗೆ ನಿಲ್ಲುತ್ತೆ. ಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು.

ಹಾಗಾದರೆ ಮನೆ ಕಲಿಕೆ ನಮ್ಮದಲ್ಲವಾ? ನಮ್ಮದೇ. ಜೋತಿಬಾ ಫುಲೆ ಅವರು ಸಾವಿತ್ರಿಬಾಯಿಗೆ ಅಕ್ಷರ ಕಲಿಸಿದ್ದು ಮನೆಯಲ್ಲಿ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಆ ಕಲಿಕೆಯ ಬಲದಿಂದ. ಬಾಬಾಸಾಹೇಬರು ಶಾಲೆಯಲ್ಲಿ ಕೂರೋಕೆ ಗೋಣಿತಟ್ಟನ್ನು ಮನೆಯಿಂದ ಹೊತ್ತೊಯ್ದು, ಸಂಜೆ ಮತ್ತೆ ಹೊತ್ತು ತರಬೇಕಿತ್ತು. ಮುಂದೆ ಬೊಂಬಾಯಿಯ ಒಂದೇ ಕೋಣೆಯ ಬಿಡಾರದಲ್ಲಿ ಅಪ್ಪ ರಾಮ್‌ಜಿಯವರು ನಡುರಾತ್ರಿ ಕಳೆದ ಮೇಲೆ ಮಗನನ್ನ ಎಬ್ಬಿಸಿ ಓದಿಗೆ ಕೂರಿಸುತ್ತಿದ್ದರು. ಅಲ್ಲೂ ಇದ್ದದ್ದು ಒಂದೇ ಕೋಣೆ. ಆದರೆ ಅಲ್ಲಿ ಅಕ್ಷರ ಬಲ್ಲವರು ಒಬ್ಬರಿದ್ದರು. ನಮ್ಮ ಎಷ್ಟೋ ಮನೆಗಳಲ್ಲಿ ಆ ಒಬ್ಬರು ಅಂದರೆ ನೀವೇ. ನೀವೂ ಹಾಸ್ಟೆಲಿಗೆ ಬಂದುಬಿಟ್ಟಿದ್ದೀರಿ.

ಸರಿ, ಆ ಒಂದು ದಿನ ಏನು ಮಾಡೋದು? ಬೆಳಿಗ್ಗೆ ನಲ್ಲಿ ಹತ್ತಿರದಿಂದಲೇ ಶುರು ಮಾಡಿ. ಎಷ್ಟು ಬಿಂದಿಗೆ ಬಂತು, ಬಿಂದಿಗೆಗೆ ಎಷ್ಟು ಚೊಂಬು, ಮನೆಯಲ್ಲಿ ಎಷ್ಟು ಜನ, ತಲೆಗೆ ಎಷ್ಟಾಯ್ತು. ಭಾಗಾಕಾರ ಅಂತ ಹೆಸರು ಆಮೇಲೆ ಹೇಳಿ. ಸ್ಲೇಟಿಲ್ಲದಿದ್ದರೆ ಒಲೆಯ ಇದ್ದಿಲು ಸಾಕು, ಬಂಡೆ ಇದ್ದೇ ಇದೆ. ರಾಮನಗರ, ಕನಕಪುರದ ಕಡೆ ನಮಗೆ ಕೊರತೆ ಇಲ್ಲದ್ದು ಅದೊಂದೇ ತಾನೆ! ರೇಷನ್ ಕಾರ್ಡು ಓದಿಸಿ. ಅದರಲ್ಲಿ ಅವ್ವನ ಹೆಸರಿರುತ್ತೆ. ಮಗು ಅದನ್ನ ನೋಡಿ ಬರೆದು, ಅವ್ವನ ಕೈಹಿಡಿದು ಬರೆಸಲಿ. ಹೆಬ್ಬೆಟ್ಟು ಒತ್ತಿದ ಕೈ ಮೊದಲ ದಿನ ನಡುಗುತ್ತೆ, ನಗಬೇಡಿ.

ಮಧ್ಯಾಹ್ನ ಬಿಸಿಲಿಗೆ ಚೌಕಾಬಾರ. ಹುಣಸೆಬೀಜ ಸೀಳಿ ಹಾಕಿದರೆ ಎಷ್ಟು ಮಗ್ಗುಲಿಗೆ ಎಷ್ಟು ಮನೆ ನಡೀಬೇಕು ಅನ್ನೋದು ನಮ್ಮ ಮಕ್ಕಳಿಗೆ ನಿದ್ದೆಯಲ್ಲೂ ಗೊತ್ತು. ಅದೇ ಮಕ್ಕಳು ಕಪ್ಪುಹಲಗೆ ಮುಂದೆ ನಿಂತು ಕೂಡೋದಕ್ಕೆ ಹೆದರುತ್ತವೆ. ಆಟದ ಲೆಕ್ಕವೂ ಹಲಗೆಯ ಲೆಕ್ಕವೂ ಒಂದೇ ಅಂತ ತೋರಿಸಿಕೊಟ್ಟರೆ ಅರ್ಧ ಕೆಲಸ ಆಯ್ತು. ಸಂಜೆ ಅಜ್ಜಿಯ ಕತೆ. ಅಜ್ಜಿ ಹೇಳಲಿ, ಮಕ್ಕಳು ಬರೆಯಲಿ, ಅಜ್ಜಿ ಆಡಿದ ಹಂಗೇ. ತಿದ್ದಬೇಡಿ.

ಒಂದು ಎಚ್ಚರಿಕೆ. ಮನೆಗೆಲಸವೇ ಪಾಠ ಅಂದ ಕೂಡಲೆ ಒಂದು ಗುಂಡಿ ಇದೆ. ನಮ್ಮದು ರೇಷ್ಮೆ ಸೀಮೆ. ಹುಳು ಮನೆಯಲ್ಲಿ ಬೆಳೆದ ಮಗುವಿಗೆ ಹುಳು ನಾಲ್ಕು ಜ್ವರ ಕಳೆದು ಐದನೆ ಹಂತದಲ್ಲಿ ಹಣ್ಣಾಗಿ ಚಂದ್ರಿಕೆ ಏರೋದು ಗೊತ್ತು. ಅದೇ ವಿಜ್ಞಾನ, ಬರೆಸಿ. ಒಂದು ಗೂಡಿನೊಳಗೆ ಅರ್ಧ ಕಿಲೋಮೀಟರಿಗೂ ಮಿಗಿಲಾದ ಎಳೆ ಇರುತ್ತೆ, ಅಳೆದು ನೋಡಿದರೆ ದೊಡ್ಡವರೇ ಬೆರಗಾಗ್ತಾರೆ. ಆದರೆ ಕುದಿಯೋ ನೀರಲ್ಲಿ ಬೆರಳದ್ದಿ ಎಳೆ ಹುಡುಕೋದು ಪಾಠ ಅಲ್ಲ. ಸಾಲಕ್ಕೆ ಅಡವಾಗಿ ರೇಷ್ಮೆ ಕೆಲಸದಲ್ಲಿ ದುಡಿದ ಮಕ್ಕಳ ಕತೆ 1996ರಲ್ಲೂ 2003ರಲ್ಲೂ ಹ್ಯೂಮನ್ ರೈಟ್ಸ್ ವಾಚ್ ವರದಿಗಳಲ್ಲಿ ಬಂದಿದೆ. ಜೀತ ಹೋಗಲಿ ಅಂತ 1976ರಲ್ಲೇ ಕಾನೂನು ಆಗಿತ್ತು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿ ತಂದು, ಅಪಾಯವಿಲ್ಲದ ಕೆಲಸದಲ್ಲಿ ಶಾಲೆ ಬಿಟ್ಟ ಮೇಲೆ, ರಜದಲ್ಲಿ ಮಗು ಮನೆಯವರಿಗೆ ನೆರವಾಗಬಹುದು ಅಂದರು. ಶಾಲೆಯೇ ಇಲ್ಲದ ಒಂದೂವರೆ ವರ್ಷದಲ್ಲಿ ಶಾಲೆ ಬಿಟ್ಟ ಮೇಲೆ ಅನ್ನೋ ಹೊತ್ತು ಯಾವುದು?

ಆದ್ದರಿಂದ ಒಂದು ಗೆರೆ ಇಟ್ಟುಕೊಳ್ಳಿ. ಮಗು ಕೈಯಾಡಿಸಿ, ನಿಲ್ಲಿಸಿ, ಯಾಕೆ ಹೀಗೆ ಅಂತ ಕೇಳೋಕೆ ಆಗುತ್ತಾ? ಹಾಗಿದ್ದರೆ ಕಲಿಕೆ. ನಿಲ್ಲಿಸಿದರೆ ಮನೆಗೆ ಬರೋ ಕೂಲಿ ನಿಲ್ಲುತ್ತಾ? ಹಾಗಿದ್ದರೆ ಅದು ದುಡಿಮೆ. ಅಲ್ಲಿ ಪಾಠದ ಮಾತು ಬಿಟ್ಟು ಅಪ್ಪ ಅವ್ವನ ಜೊತೆ ಸಾಲದ ಮಾತಾಡಿ. ಬೈಸಿಕೊಳ್ತೀರಿ. ನಾವೂ ಬೈಸಿಕೊಂಡಿದ್ದೀವಿ: "ಓದಿ ದೊಡ್ಡೋನಾಗಿ ಬಂದ ನೋಡು, ಒಲೆ ಉರಿಸೋಕೆ ನೀ ಕೊಡ್ತೀಯಾ?" ಅದಕ್ಕೆ ನಮ್ಮ ಹತ್ತಿರ ಆಗ ಉತ್ತರ ಇರಲಿಲ್ಲ. ಆದರೂ ಮಾರನೆ ದಿನ ಮತ್ತೆ ಹೋಗಿ ಅದೇ ಹೊಸಿಲ ಮೇಲೆ ಕೂತಿವಿ.

ಚನ್ನಪಟ್ಟಣದವರು ಇಲ್ಲಿ ಸುಮಾರು ಜನ ಇದ್ದೀರಿ. ಆಲೆಮರದ ಬೊಂಬೆಗೆ ಅರಗಿನ ಬಣ್ಣ ಹಿಡಿಸೋದನ್ನ ಮಕ್ಕಳಿಗೆ ತೋರಿಸಿ, ಚೆನ್ನಾಗಿರುತ್ತೆ. ಆಡೋಕೆ ಒಂದು ಬೊಂಬೆನೂ ಕೈಗೆ ಕೊಡಿ. ಲೋಕಕ್ಕೆಲ್ಲ ಬೊಂಬೆ ಕಳಿಸೋ ಊರಿನ ಪಕ್ಕದ ಕೇರಿಯಲ್ಲಿ ಬೊಂಬೆ ಹಿಡಿಯದ ಕೂಸುಗಳಿವೆ.

ಈ ನಾಲ್ಕು ತಾಲ್ಲೂಕು ಸೇರಿ 2007ರಲ್ಲಿ ರಾಮನಗರ ಜಿಲ್ಲೆ ಆಯ್ತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಇಡಲಿ. ನಮಗೆ ಬೇಕಾದ್ದು ನಿಮ್ಮ ಕೇರಿಯ ಹೆಸರು. ಹೊರಡೋ ಮುಂಚೆ ಬಾಗಿಲ ಹತ್ತಿರದ ಪುಸ್ತಕದಲ್ಲಿ ಅದನ್ನ ಬರೆಸಿ, ಯಾವ ದಿನ ಕೂರ್ತೀರಿ ಅಂತಲೂ ಬರೆಸಿ. ಒಂದೇ ಊರಿನವರು ಇಬ್ಬರಿದ್ದರೆ ಜೊತೆಯಾಗಿ ಕೂರಿ. ಎರಡು ಸೀಮೆಸುಣ್ಣ, ಒಂದು ಕೈಬರಹದ ಪುಸ್ತಕ ಇಲ್ಲೇ ಕೊಡ್ತೀವಿ. ಆ ಪುಸ್ತಕ ಅಜ್ಜಿಯ ಕತೆಗೆ. ರಜ ಮುಗಿಸಿ ಬರುವಾಗ ಮರೀದೆ ವಾಪಸು ತನ್ನಿ, ಮುಂದಿನ ಸಂಚಿಕೆಯಲ್ಲಿ ಹಾಕಬೇಕು.

ಮನೆಯ ಚಿತ್ರ ಬರೆಸೋರು ಒಂದೇ ಕೋಣೆ ಬರೆದ ಮಗುವಿನ ಪಕ್ಕ ಕೂತು, ಒಲೆ ಎಲ್ಲಿ, ಪುಸ್ತಕ ಇಡೋ ಗೂಡು ಎಲ್ಲಿ ಅಂತ ಕೇಳಿ ಬರೆಸಿ.